ಅಡಕೊತ್ತಿನಲ್ಲಿ ಮುರಿದ ಗುಳಿಗೆ

ನಮ್ಮ ನೀಲಮ್ಮ ಕಾಕು ತನ್ನ ಆಯುಷ್ಯದಲ್ಲಿ ಮೂರು ಸಂಶೋಧನೆಗಳನ್ನು ಕೆಡಿಸಿದಳು. ಒಂದು ತೊಗರಿಯದು, ಒಂದು ಗೋಡೆಯದು, ಕಡೆಯದು ಅವಳ ಕೈಯದೇ. ಯಾವುದನ್ನೂ ಕದ್ದುಮುಚ್ಚಿ ಕೆಡಿಸಲಿಲ್ಲ. ಕೆಡಿಸಿದ ಮೇಲೆ ತಾನೇ ಬಾಯಿ ಬಿಟ್ಟು ಹೇಳಿದಳು. ಹೇಳುವಾಗ ಅವಳ ಮುಖದಲ್ಲಿ, ಮಾಡಿದ ಹೋಳಿಗೆ ಕೂತವರಿಗೆಲ್ಲ ಸಾಕಾಯಿತು ಅನ್ನುವ ಹೆಂಗಸಿನ ಸಮಾಧಾನ ಇರುತ್ತಿತ್ತು.

ಕಾಕು ನನ್ನ ತಂದೆಯ ತಮ್ಮನ ಹೆಂಡತಿ. ತವರು ಉದಗೀರ, ಕೊಟ್ಟ ಊರು ಸಾಸ್ತೂರ. ನಾನು ನಿಲಂಗಾದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು. ಓದಿದ್ದೆಲ್ಲ ಮರಾಠಿಯಲ್ಲಿ, ಕಲಿಸುವುದೂ ಮರಾಠಿಯಲ್ಲಿ. ಕನ್ನಡ ನನಗೆ ಬಂದದ್ದು ಮನೆಯ ಹಿರಿಯರ ಬಾಯಿಂದ, ಹೆಚ್ಚುಪಾಲು ಈ ಕಾಕುವಿನ ಬಾಯಿಂದ. ಎರಡೂ ಭಾಷೆ ಬಲ್ಲವನು, ಮೇಲಾಗಿ ವಿಜ್ಞಾನದವನು ಎಂದು ನಮ್ಮ ಕಡೆ ಸಂಶೋಧನೆಗೆ ಬಂದವರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. "ಸರ್, ಒಂದೇ ದಿನದ ಕೆಲಸ" ಎನ್ನುತ್ತಿದ್ದರು. ಯಾವುದೂ ಒಂದೇ ದಿನಕ್ಕೆ ಮುಗಿದದ್ದು ನನಗೆ ನೆನಪಿಲ್ಲ.

ಭೂಕಂಪದಲ್ಲಿ ನೆಲಕ್ಕೆ ಬಿದ್ದು ಮತ್ತೆ ಕಟ್ಟಿದ ಊರು ಸಾಸ್ತೂರ. ಅಲ್ಲಿಂದಾಚೆ ಆ ಊರಿಗೆ ಕೇಳುವವರ ಕೊರತೆ ಆಗಲಿಲ್ಲ. ನಿದ್ದೆ ಬರುತ್ತದೆಯೇ ಎಂದು ಕೇಳುವವರು ಒಬ್ಬರು, ಬಾವಿಯ ನೀರು ಸಿಹಿಯೋ ಸವಳೋ ಎಂದು ಕೇಳುವವರು ಇನ್ನೊಬ್ಬರು. ಮೊದಮೊದಲು ಜೀಪು ಬಂದರೆ ಜನ ಮನೆಯಿಂದ ಹೊರಗೆ ಬರುತ್ತಿದ್ದರು. ಆಮೇಲಾಮೇಲೆ ನಾಯಿಗಳೂ ಏಳುವುದನ್ನು ಬಿಟ್ಟವು.

"ಬೀಗರು ಸುದ್ದಾ ಇಷ್ಟ ಪ್ರಶ್ನಿ ಕೇಳೂದಿಲ್ಲ ನೋಡು ಬಸೂ," ಎನ್ನುತ್ತಿದ್ದಳು ಕಾಕು. "ಬೀಗರು ಕೇಳಿದ್ರ ಹೆಣ್ಣಾರ ಒಯ್ತಾರ. ಇವರು ಬರೇ ಕೇಳಿ ಹೋಗ್ತಾರ."

ಹಾಗೆಂದು ಬಂದವರನ್ನು ಅವಳು ಎಂದೂ ಬಾಗಿಲಿನಲ್ಲಿ ನಿಲ್ಲಿಸಲಿಲ್ಲ. ಜೀಪಿನ ಡ್ರೈವರನನ್ನೂ ಒಳಗೆ ಕರೆಯುತ್ತಿದ್ದಳು. ಡ್ರೈವರ್ ಸಂಕೋಚದಿಂದ ಹೊರಗೇ ನಿಂತರೆ ಒಳಗಿನ ದೊಡ್ಡ ಸಾಹೇಬರಿಗೂ ಚಹ ಬರುತ್ತಿರಲಿಲ್ಲ. ಹಲವು ಸಾಹೇಬರು ಚಹ ಯಾಕೆ ತಡವಾಯಿತು ಎಂದು ತಿಳಿಯದೆಯೇ ಎದ್ದು ಹೋದದ್ದನ್ನು ನಾನು ಕಂಡಿದ್ದೇನೆ.

ಇದರ ಬೇರು ಉದಗೀರದಲ್ಲಿತ್ತು. ಅವಳ ಅಪ್ಪನದು ಕಾಳಿನ ಅಡತಿ ಅಂಗಡಿ. ಮಧ್ಯಾಹ್ನಕ್ಕೆ ಅಂಗಡಿಯ ಹಮಾಲರು, ಬಂಡಿ ಹೂಡಿಕೊಂಡು ಬಂದ ಒಕ್ಕಲಿಗರು, ಮಠದ ಸ್ವಾಮಿಗಳು, ಮನೆಯ ಮಂದಿ ಎಲ್ಲ ಪಡಸಾಲೆಯಲ್ಲಿ ಒಂದೇ ಸಾಲಿಗೆ ಕೂರುತ್ತಿದ್ದರು. ಇವಳು ಸಣ್ಣವಳಿದ್ದಾಗ ಒಂದು ದಿನ ತುಪ್ಪ ಬಡಿಸಲು ಹೊರಟಳಂತೆ. ಮೊದಲು ಕೂತ ಅಣ್ಣನಿಗೆ ಪ್ರೀತಿ ಹೆಚ್ಚಾಗಿ ಸುರಿದಳು. ಸಾಲಿನ ಕೊನೆಗೆ ಕೂತ ಹಮಾಲನ ಹತ್ತಿರ ಹೋಗುವಷ್ಟರಲ್ಲಿ ಗಿಂಡಿ ಬರಿದು. ನಡುವೆ ಕೂತ ಅಪ್ಪ ಅದನ್ನು ಕಂಡು, ಏನೂ ಬಯ್ಯದೆ, ಕಲಸಿದ ಅನ್ನ ಹಾಗೇ ಬಿಟ್ಟು ಎದ್ದು ಕೈ ತೊಳೆದರಂತೆ.

"ಒಂದ್ ಹೊಡತ ಹೊಡದಿದ್ರ ಮರ್ತ್ ಬಿಡ್ತಿದ್ದೆ. ಹಸದು ಎದ್ದ ಹ್ವಾದರು. ಅದು ಮರಿಲಿಕ್ಕ ಬರಲಿಲ್ಲ," ಎಂದು ಈ ಕತೆಯನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಳೋ. ಪ್ರತಿ ಸಲವೂ ಹೇಳಿ ಮುಗಿಸಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು, ಗಿಂಡಿ ಇನ್ನೂ ಅಲ್ಲೇ ಇದೆಯೇನೋ ಎಂಬಂತೆ.

ಭೂಕಂಪದ ಮರುವಾರ ಊರ ಹೊರಗೆ ತಗಡಿನ ಶೆಡ್ಡುಗಳಲ್ಲಿ ಎಲ್ಲರೂ ಇದ್ದಾಗ ಕಂಬಳಿ ಹಂಚುವವರು ಬಂದರು. ಕಾಕುವಿಗೆ ಸಿಕ್ಕಿತು. ಪಕ್ಕದ ಶೆಡ್ಡಿನ ಬಾಗಿಲಿಗೆ ಬರುವ ಹೊತ್ತಿಗೆ ಲಾರಿ ಖಾಲಿಯಾಗಿತ್ತು. ಆ ಶೆಡ್ಡಿನಲ್ಲಿದ್ದವಳು ರುಖ್ಮಿಣಬಾಯಿ, ಮರಾಠಿಯವಳು. ಅದುವರೆಗೆ ಇಬ್ಬರಿಗೂ ಮುಖಪರಿಚಯ ಮಾತ್ರ. ಇಬ್ಬರ ಮನೆಯಲ್ಲೂ ಹೋದವರು ಹೋಗಿದ್ದರು. ನಮ್ಮ ಕಾಕಾನೂ ಹೋಗಿದ್ದ. ಕಾಕು ಕುಡುಗೋಲು ತಂದು ಹೊಸ ಕಂಬಳಿಯನ್ನು ನಡುವೆ ಸೀಳಿ ಅರ್ಧ ಅವಳ ಹೆಗಲಿಗೆ ಹಾಕಿದಳು. ಅರ್ಧ ಕಂಬಳಿಯಲ್ಲಿ ಯಾರಿಗೂ ಚಳಿ ನಿಲ್ಲುವುದಿಲ್ಲ. ಆ ಮಾತನ್ನು ಇಬ್ಬರಲ್ಲಿ ಯಾರೂ ಆಡಲಿಲ್ಲ.

ಹೊಸ ಊರು ಕಟ್ಟಿದಾಗ ಚೀಟಿ ಎತ್ತಿ ಮನೆ ಕೊಟ್ಟರು. ಇಬ್ಬರಿಗೂ ಎದುರುಬದುರು ಮನೆ ಬಂತು. ಕಾಕು ಕನ್ನಡದಲ್ಲಿ ಕೂಗುವುದು, ರುಖ್ಮಿಣಬಾಯಿ ಮರಾಠಿಯಲ್ಲಿ ಓ ಅನ್ನುವುದು. ನಡುವಿನ ಓಣಿ ಎರಡೂ ಭಾಷೆ ಕಲಿಯಿತು. ರುಖ್ಮಿಣಬಾಯಿಗೆ ಕನ್ನಡದ ಮಾತು ಮಾತೂ ತಿಳಿಯುತ್ತಿತ್ತು. ಆಡು ಎಂದರೆ ಮಾತ್ರ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಮೊದಲು ಕೆಟ್ಟದ್ದು ತೊಗರಿಯ ಸಂಶೋಧನೆ. ನಮ್ಮ ಕಡೆಯ ತೊಗರಿಗೆ ನೆಟೆ ರೋಗ ಬಂದರೆ ನಿಂತ ಗಿಡ ನಿಂತಲ್ಲೇ ಒಣಗುತ್ತದೆ. ಬೇರಿನ ಮಗ್ಗುಲಲ್ಲಿ ಬದುಕುವ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಹುಡುಕಿ, ಬೆಳೆಸಿ, ಪುಡಿಯಾಗಿ ಮಾಡಿಕೊಂಡು ಒಬ್ಬ ವಿಜ್ಞಾನಿ ಬಂದ. ಒಳ್ಳೆಯ ಮನುಷ್ಯ, ಬಿಸಿಲಿಗೆ ಕಪ್ಪಾದವನು. ಕಾಕುವಿನ ಹೊಲದ ನಡುವೆ ಹಗ್ಗ ಕಟ್ಟಿದ. ಹಗ್ಗದ ಈ ಕಡೆ ಪುಡಿ ಹಾಕಬೇಕು, ಆ ಕಡೆ ಹಾಕಬಾರದು. ಎರಡನ್ನೂ ಹೋಲಿಸಿದರೇ ಪುಡಿಯ ಗುಣ ತಿಳಿಯುವುದು ಎಂದ. ಅವನ ಪುಸ್ತಕದ ಮಾತನ್ನು ನಾನು ಮನೆಯ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಕಾಕು ಎಲ್ಲದಕ್ಕೂ "ಹಾಂ, ಹಾಂ" ಎಂದು ತಲೆಯಾಡಿಸಿದಳು. ಮುಂದೆ ಹಾಕಲೆಂದು ಪುಡಿಯ ಚೀಲ ಅವಳ ಮನೆಯಲ್ಲೇ ಬಿಟ್ಟು ಹೋದ.

ಕಾಯಿ ಕಟ್ಟುವ ಹೊತ್ತಿಗೆ ಅವನು ಮತ್ತೆ ಬಂದ. ಹಗ್ಗದ ಗುಂಟ ಮೇಲೆ ಕೆಳಗೆ ನಡೆದ. ಕೂತು ಬೇರು ಕಿತ್ತು ನೋಡಿದ. "ಎರಡೂ ಬಾಜೂ ಒಂದೇ ಥರ ಅದಾವಲ್ಲ ಸರ್, ಏನಿದು?" ಎಂದು ನನ್ನ ಕಡೆ ತಿರುಗಿದ.

ಬದುವಿನ ಮೇಲಿಂದ ಕಾಕು ಅಂದಳು: "ಇರಬೇಕಲ್ರೀ ಸಾಹೇಬ್ರ! ಎರಡಕ್ಕೂ ಸಮಾ ಹಾಕೀನಿ."

"ಅಲ್ರೀ ಅಮ್ಮಾ, ಆ ಕಡಿಗಿ ಹಾಕಬ್ಯಾಡ್ರಿ ಅಂತ ಹೇಳಿದ್ದೆನಲ್ರೀ?"

"ಹೇಳಿದ್ರಿ. ನಡುವ ಒಂದು ಹಗ್ಗ ಕಟ್ಟಿದ್ರ ಬ್ಯಾರೆ ಹೊಲಾ ಆಗ್ತದೇನ್ರಿ? ಎರಡೂ ನಂದೇ ತೊಗರಿ. ಒಂದು ಉಣ್ಲಿಕ್ಕ ಹತ್ತದ, ಇನ್ನೊಂದು ಮಗ್ಗಲಿಗಿ ನಿಂತು ಬಾಯಿ ನೋಡ್ಲಿಕ್ಕ ಹತ್ತದ. ಪಂಕ್ತಿಭೇದ ಮಾಡು ಅಂದ್ರ ನನ್ನ ಕೈ ನಡೀಬೇಕಲ್ರಿ?"

ವಿಜ್ಞಾನಿ ನನ್ನನ್ನು ನೋಡಿದ. ನಾನು ತೊಗರಿಯನ್ನು ನೋಡಿದೆ. ಒಂದು ಹಂಗಾಮಿನ ಕೆಲಸ ಹೋದದ್ದು ಅವನ ಮುಖದಲ್ಲಿ ಕಾಣುತ್ತಿತ್ತು. ಕಾಕು ಅವನನ್ನು ಮನೆಗೆ ಕರೆದುಕೊಂಡು ಬಂದು ಹಸಿ ತೊಗರಿಕಾಯಿ ಉಪ್ಪು ಹಾಕಿ ಕುದಿಸಿ ಮುಂದಿಟ್ಟಳು. ಅವನು ಸುಮ್ಮನೆ ಸುಲಿದು ತಿನ್ನುತ್ತಾ, ಸೋತ ದನಿಯಲ್ಲಿ, "ಇವು ಯಾವ ಬಾಜೂದು?" ಎಂದ.

"ಕೂಡೇ ಹೋಗ್ಯಾವ್ರಿ," ಎಂದಳು ಕಾಕು. ಆಗ ಅವನಿಗೆ ನಗು ಬಂತು. ನಕ್ಕದ್ದಕ್ಕಿಂತ ಹೆಚ್ಚಾಗಿ ದಣಿದಿದ್ದ.

ಗೋಡೆಯದು ಅದಾದ ಕೆಲವು ವರ್ಷಕ್ಕೆ. ಭೂಕಂಪದ ನಂತರ ಕಟ್ಟಿದ ಮನೆಗಳು ವಯಸ್ಸಾಗಿ ಬಿರುಕು ಬಿಟ್ಟಿದ್ದವು. ನಗರದ ಯಾವುದೋ ಇಂಜಿನಿಯರಿಂಗ್ ಕಾಲೇಜಿನ ಒಬ್ಬ ಹುಡುಗಿ, ಇಬ್ಬರು ಹುಡುಗರು ಗೋಡೆಗೆ ಬಳಿಯುವ ಒಂದು ಬಗೆಯ ಗಿಲಾವು ತಂದರು. ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳು ನಿದ್ದೆಯಲ್ಲಿರುತ್ತವೆ. ಬಿರುಕಿನಲ್ಲಿ ನೀರು ಇಳಿದಾಗ ಎಚ್ಚರಾಗಿ ಸುಣ್ಣದಂಥದ್ದನ್ನು ಕಟ್ಟಿ ಬಿರುಕು ತುಂಬುತ್ತವೆ ಎಂದು ವಿವರಿಸಿದರು.

ಕಾಕು ಕೆನ್ನೆಯ ಮೇಲೆ ಕೈಯಿಟ್ಟಳು. "ಗ್ವಾಡಿ ತನ್ನ ಗಾಯಾ ತಾನೇ ಮಾಯಿಸ್ಕೋತದಂತ, ಕೇಳಿದ್ಯಾ ರುಖ್ಮಿಣ?"

ರುಖ್ಮಿಣಬಾಯಿಯ ಗೋಡೆಗೂ ಅಂಥದೇ ಬಿರುಕು. ಆದರೆ ಅದನ್ನು ಹಾಗೇ ಬಿಟ್ಟು ಹೋಲಿಕೆಗಾಗಿ ಬರೀ ಫೋಟೋ ತೆಗೆಯುವುದೆಂದು ಅವರು ಗೊತ್ತು ಮಾಡಿದ್ದರು. ಕಾಕುವಿನ ಗೋಡೆ ಮುಗಿಸಿ ಹುಡುಗರು ಬಸ್‌ಸ್ಟ್ಯಾಂಡ್ ಕಡೆ ಚಹಕ್ಕೆ ಹೋದರು. ತಿರುಗಿ ಬರುವುದರೊಳಗೆ ಬುಟ್ಟಿಯಲ್ಲಿ ಉಳಿದಿದ್ದ ಗಿಲಾವೆಲ್ಲ ರುಖ್ಮಿಣಬಾಯಿಯ ಗೋಡೆಯ ಮೇಲಿತ್ತು. ಸಗಣಿ ಸಾರಿಸುವ ಹಾಗೆ, ಅಂಗೈಯಿಂದ, ಬೀಸಣಿಗೆ ಬಿಚ್ಚಿದಂತೆ ಕಮಾನು ಕಮಾನಾಗಿ. ಐದೂ ಬೆರಳಿನ ಗೆರೆ ಎದ್ದು ಕಾಣುತ್ತಿದ್ದವು, ಎಲ್ಲಿಯೂ ಅಲುಗದ ನಯವಾದ ಗೆರೆಗಳು.

ಇಂಜಿನಿಯರ್ ಹುಡುಗಿ ಅಳುವ ಹಾಗಾದಳು. "ಮೀ ನಕೋ ಮ್ಹಣಾಲೇ ಹೋತೇ," ಬ್ಯಾಡ ಅಂದಿದ್ದೆ ನಾನು, ಎಂದು ರುಖ್ಮಿಣಬಾಯಿ ಮೂಲೆಯಲ್ಲಿ ನಿಂತು ಸಾಕ್ಷಿ ನುಡಿದಳು. ಕಾಕು ಕೈ ತೊಳೆಯುತ್ತಾ, "ನೀ ಸುಮ್ನಿರು. ಬ್ಯಾಡ ಅನ್ನೋರಿಗೇ ಮೊದಲ ಬಡಿಸಬೇಕು," ಎಂದಳು. ಅಂದು ನಿಲಂಗಾಕ್ಕೆ ಮರಳುವಾಗ ಬಸ್ಸಿನಲ್ಲಿ ನನಗೆ ಸಿಟ್ಟು ಬಂದಿತ್ತು. ಹೋಲಿಕೆ ಇಲ್ಲದೆ ಗೊತ್ತಾಗುವುದು ಹೇಗೆ ಎಂದು ಕಾಲೇಜಿನ ಮಕ್ಕಳಿಗೆ ನಾನು ಒಂದು ಗಂಟೆಯಲ್ಲಿ ಹೇಳಿಕೊಡುತ್ತೇನೆ. ಕಾಕುವಿಗೆ ವರ್ಷಗಟ್ಟಲೆ ಹೇಳಿದರೂ ಅದು ಹೋಗಿ ಉದಗೀರದ ಆ ಪಡಸಾಲೆಯಲ್ಲೇ ಕೂರುತ್ತಿತ್ತು.

ಆಮೇಲೆ ಅವಳ ಎಡಗೈ ನಡುಗಲು ಶುರುವಾಯಿತು.

ಮೊದಲು ಹೆಬ್ಬೆರಳು, ಅದರ ಮಗ್ಗುಲ ಬೆರಳು, ಎರಡೇ. "ನೋಡಿಲ್ಲಿ, ನನ್ನ ಕೈ ತನ್ನಷ್ಟಕ್ಕ ತಾನೇ ಬತ್ತಿ ಹೊಸೀಲಿಕ್ಕ ಹತ್ತದ," ಎಂದು ನಗುತ್ತಾ ತೋರಿಸಿದಳು. ನಿಜವಾಗಿಯೂ ದೀಪದ ಬತ್ತಿ ಹೊಸೆಯುವ ಹಾಗೆಯೇ ಇತ್ತು. ಪುಸ್ತಕದಲ್ಲಿ ಓದಿದವನಿಗೆ ಅದರ ಹೆಸರು ಹೊಳೆಯದೆ ಇರುತ್ತದೆಯೇ? ಉಮರ್ಗಾದ ಡಾಕ್ಟರರು ಅದನ್ನೇ ಹೇಳಿದರು, ಕಂಪವಾತ. ಮಿದುಳಿನ ಕೆಲವು ಜೀವಕೋಶಗಳು ಸಾಯುತ್ತಾ ಬರುತ್ತವೆ. ನಡುಕ ಕಡಿಮೆ ಮಾಡುವ ಗುಳಿಗೆ ಇವೆ, ರೋಗವನ್ನು ನಿಲ್ಲಿಸುವ ಗುಳಿಗೆ ಇನ್ನೂ ಬಂದಿಲ್ಲ.

ಬೇರೆಯವರಿಗಾದರೆ ಎಡಗೈ ಹೋದರೆ ಬಲಗೈ ಇದೆ. ಕಾಕುವಿಗೆ ಹಾಗಲ್ಲ. ಬೆಳಿಗ್ಗೆ ಮೈ ತೊಳೆದು, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ವಿಭೂತಿ ಧರಿಸಿ, ಪತ್ರಿ ಏರಿಸಿ, ಕಣ್ಣು ಕೀಲಿಸಿ ಕೂರಬೇಕು. ಅದಾದ ಮೇಲೆ ಬಾಯಿಗೆ ನೀರು. ಬುದ್ಧಿ ಬಂದಾಗಿನಿಂದ ಒಂದು ದಿನವೂ ತಪ್ಪಿಸದ ಪೂಜೆ. ಈಗ ಪತ್ರಿ ನಿಲ್ಲುತ್ತಿರಲಿಲ್ಲ, ಜಾರಿ ಬೀಳುತ್ತಿತ್ತು. ಒಂದು ದಿನ ಲಿಂಗವೇ ಜಾರಿ ಮಡಿಲಿಗೆ ಬಿತ್ತು. ಅಂದು ಅವಳು ಉಣ್ಣಲಿಲ್ಲ.

ಸಣ್ಣ ಪೀಠದ ಮೇಲೆ ಇಟ್ಟು ಪೂಜೆ ಮಾಡಿದರೂ ನಡೆಯುತ್ತದೆ ಎಂದು ಸ್ವಾಮಿಗಳೇ ಹೇಳಿ ನೋಡಿದರು. ಕಾಕು ಒಪ್ಪಲಿಲ್ಲ. ನನಗೆ ಹೇಳಿದಳು: "ಪೀಠದ ಮ್ಯಾಲ ಇಟ್ರ ಅದು ಗುಡಿ ಆಗ್ತದ ಬಸೂ. ಅಂಗೈಯಾಗ ಇದ್ರ ನನ್ನ ಕೂಡ ಇರ್ತದ. ಇವತ್ತ ಉಡಿಯೊಳಗ ಬಿತ್ತು, ನಾಳಿ ನೆಲಕ್ಕ ಬಿದ್ರ? ಆ ದಿನಾ ಬರೂದ್ರಾಗ ಈ ಕೈಗಿ ಏನಾರ ಮಾಡು. ನೀ ಇಷ್ಟ ಓದೀದಿ."

ಆಗಿನಿಂದ ಹೋದಾಗಲೆಲ್ಲ ಅವಳ ಮೊದಲ ಪ್ರಶ್ನೆ: "ಇವತ್ತ ಏನ್ ಕಂಡ್ ಹಿಡದಾರ?"

ಮೊಬೈಲಿನಲ್ಲಿ ಬಂದ ವಿಜ್ಞಾನದ ಸುದ್ದಿಯನ್ನು ನಾನು ಓದಿ ಹೇಳುತ್ತಿದ್ದೆ. ಸುದ್ದಿಗೆ ಕೊರತೆ ಇರಲಿಲ್ಲ. ಎದುರುಮನೆಯಿಂದ ರುಖ್ಮಿಣಬಾಯಿಯೂ ಬಂದು ಕೂರುತ್ತಿದ್ದಳು. ಅವಳಿಗೂ ಅದೇ ಬೇನೆ. ಬಲಗೈ ಮೊದಲೇ ನಡುಗುತ್ತಿತ್ತು, ಕಾಕುವಿಗಿಂತ ಹೆಚ್ಚಾಗಿ, ವಯಸ್ಸೂ ಹೆಚ್ಚು.

"ಇಲಿಗಳ ಮ್ಯಾಲ ಒಂದು ಹೊಸ ಔಷಧ ಕೊಟ್ಟು ನೋಡ್ಯಾರ. ನಡುಗೂದು ಕಡಿಮಿ ಆಗೇದಂತ."

"ಇಲಿಗೂ ಕೈ ನಡುಗ್ತಾವೇನು?"

"ನಡುಗೂ ಹಂಗ ಮೊದಲ ಮಾಡ್ತಾರ."

"ಅಯ್ಯ ಶಿವನೇ!" ಕಾಕು ರುಖ್ಮಿಣಬಾಯಿಯ ಕಡೆ ನೋಡಿದಳು. "ಅದರ ಪಾಪದ ಗುಳಗಿ ನಮಗ ಹತ್ತೂದ ಬ್ಯಾಡವ್ವಾ." ಆಮೇಲೆ ಮೆಲ್ಲಗೆ, "ಮನಷ್ಯಾರಿಗಿ ಯಾವಾಗ?"

"ಇನ್ನ ಹತ್ತಿಪ್ಪತ್ತ ವರ್ಷ ಅಂತ ಬರದಾರ ಕಾಕು."

"ಹೋದ ವರ್ಷನೂ ಅಷ್ಟೇ ಹೇಳಿದ್ದಿ. ಅದರಾಗ ಒಂದು ವರ್ಷನೂ ಕಮ್ಮಿ ಆಗಿಲ್ಲಲ್ಲೋ." ಇಬ್ಬರೂ ನಗುತ್ತಿದ್ದರು. ನಗುವಾಗ ಎರಡು ಮಡಿಲಲ್ಲಿ ಎರಡು ಕೈ ನಡುಗುತ್ತಿದ್ದವು. ನನಗೆ ಮೊಬೈಲು ಕಿಸೆಗೆ ಹಾಕಿಕೊಂಡು ಎದ್ದು ಹೋಗಬೇಕು ಅನಿಸುತ್ತಿತ್ತು. ಮುಂದಿನ ವಾರ ಮತ್ತೆ ತೆಗೆದು ಓದುತ್ತಿದ್ದೆ.

ಕಡೆಗೊಮ್ಮೆ ಮನುಷ್ಯರದೇ ಸುದ್ದಿ ಬಂತು. ಕಂಪವಾತದ ಹೊಸ ಗುಳಿಗೆಯೊಂದರ ಪರೀಕ್ಷೆ ಉಮರ್ಗಾದ ಆಸ್ಪತ್ರೆಯಲ್ಲೇ ನಡೆಯಲಿತ್ತು. ಇಬ್ಬರನ್ನೂ ಕರೆದುಕೊಂಡು ಹೋದೆ. ನೋಡಿಕೊಳ್ಳುವ ಡಾಕ್ಟರ್ ಸೊಲ್ಲಾಪುರದ ಹೆಣ್ಣುಮಗಳು, ಮನೆಮಾತು ಕನ್ನಡ. ರುಖ್ಮಿಣಬಾಯಿಗೆ ವಯಸ್ಸಿನ ಮಿತಿ ದಾಟಿತ್ತು, ತೆಗೆದುಕೊಳ್ಳಲಿಲ್ಲ. ಅವಳು "ಅಸೂ ದೇ," ಇರಲಿ ಬಿಡು, ಎಂದು ಹೊರಗಿನ ಬೆಂಚಿಗೆ ಹೋಗಿ ಕೂತಳು. ಕಾಕು ಅವಳು ಹೋದ ಬಾಗಿಲನ್ನೇ ನೋಡುತ್ತಿದ್ದಳು.

ಡಾಕ್ಟರ್ ಬಾಯಿ ಎಂದೇ ಎಲ್ಲರೂ ಕರೆಯುತ್ತಿದ್ದ ಅವಳು ಎಲ್ಲವನ್ನೂ ವಿವರಿಸಿ ಹೇಳಿದಳು. ಈಗ ತಗೊಳ್ಳುವ ಗುಳಿಗೆ ಬಿಡಬಾರದು, ಅದರ ಜೊತೆಗೇ ಇದು. ಅರ್ಧ ಜನಕ್ಕೆ ಹೊಸ ಗುಳಿಗೆ. ಉಳಿದರ್ಧ ಜನಕ್ಕೆ ನೋಡಲು ಹಾಗೇ ಇರುವ, ಔಷಧ ಇಲ್ಲದ ಗುಳಿಗೆ. ಯಾರಿಗೆ ಯಾವುದು ಎಂದು ತಗೊಳ್ಳುವವರಿಗೂ ಗೊತ್ತಿರುವುದಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ.

"ನಿಮಗೂ ಗೊತ್ತಿರೂದಿಲ್ಲ?"

"ಇಲ್ಲ ಕಾಕು."

"ಮತ್ತ ಯಾರಿಗಿ ಗೊತ್ತದ?"

"ಕಂಪ್ಯೂಟರಿಗಿ."

"ಅದಕ್ಕೇನು ಕೈ ನಡುಗ್ತಾವೇನು?" ಎಂದು ಕಾಕು ಗೊಣಗಿದಳು. ಆದರೂ ಒಪ್ಪಿದಳು. ಅಂಗೈಯ ಆಸೆ ಅಷ್ಟು ದೊಡ್ಡದಿತ್ತು.

ಅಲ್ಲಿಂದ ಉಮರ್ಗಾದ ದಾರಿ ನಮಗೆ ಬಾಯಿಪಾಠವಾಯಿತು. ನಾನು ನಿಲಂಗಾದಿಂದ ಸಾಸ್ತೂರಕ್ಕೆ ಬಂದು, ಕಾಕುವನ್ನು ಬಸ್ಸು ಹತ್ತಿಸಿ, ಆಸ್ಪತ್ರೆಯ ಸಾಲಿನಲ್ಲಿ ಕೂರಿಸಿ, ಸಂಜೆ ಮನೆ ಮುಟ್ಟಿಸಿ ಮರಳುವಷ್ಟರಲ್ಲಿ ಮೈಯೆಲ್ಲ ಧೂಳು, ನಡು ಹಿಡಿದು ಹೋಗಿರುತ್ತಿತ್ತು. ಡಾಕ್ಟರ್ ಬಾಯಿಯೂ ಪ್ರತಿ ಸಲ ಒಂದಿಷ್ಟು ಬಾಡಿದಂತೆ ಕಾಣುತ್ತಿದ್ದಳು. ಕಾಕು ಮಾತ್ರ ಹೊರಡುವ ದಿನ ಹೊಸ ಇಳಕಲ್ಲ ಸೀರೆ ಉಡುತ್ತಿದ್ದಳು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನಾನು ಹೋದಾಗ ಅವಳು ಪೂಜೆಯಲ್ಲಿದ್ದಳು. ಬಾಗಿಲಲ್ಲೇ ನಿಂತೆ. ಎಡ ಅಂಗೈಯಲ್ಲಿ ಲಿಂಗ. ಲಿಂಗದ ಮೇಲೆ ಪತ್ರಿ. ಪತ್ರಿ ಬೀಳಲಿಲ್ಲ. ಅವಳು ನನ್ನ ಕಡೆ ನೋಡಲಿಲ್ಲ, ನಾನು ನೋಡುತ್ತಿದ್ದೇನೆಂದು ಮಾತ್ರ ಅವಳಿಗೆ ಗೊತ್ತಿತ್ತು. ಗುಳಿಗೆಯ ಗುಣವೋ, ಗುಳಿಗೆ ಸಿಕ್ಕಿತೆಂಬ ನಂಬಿಕೆಯ ಗುಣವೋ, ನನ್ನೊಳಗಿನ ಮಾಸ್ತರ ಕೇಳತೊಡಗಿದ. ಸುಮ್ಮನಿರು ಎಂದು ಅವನಿಗೆ ಹೇಳಿದೆ.

ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರ್ ಬಾಯಿ ಎಂದಿನಂತೆ ಕೇಳಿದಳು: "ಗುಳಗಿ ದಿನಾ ತಪ್ಪದಂಗ ತಗೋತೀರಲ್ಲ ಕಾಕು?"

"ಒಂದ್ ದಿನಾ ತಪ್ಪಿಸಿಲ್ಲ. ಅರ್ಧಾ ನಾ, ಅರ್ಧಾ ರುಖ್ಮಿಣ."

ಡಾಕ್ಟರ್ ಬಾಯಿಯ ಪೆನ್ನು ನಿಂತಿತು. "ಅರ್ಧಾ ಅಂದ್ರ?"

"ಅಡಕೊತ್ತಿನಾಗ ಇಟ್ಟು ಕಟಕ್ಕನ ಮುರೀತೀನಿ. ಕೈ ನಡುಗ್ತದಲ್ಲ ತಂಗಿ, ಒಮ್ಮೊಮ್ಮಿ ಒಂದು ತುಂಡು ದೊಡ್ಡದು ಆಗ್ತದ." ಕಾಕು ಅವಳಿಗೆ ಸಮಾಧಾನ ಹೇಳುವಂತೆ ಮುಂದುವರಿದಳು. "ದೊಡ್ಡದು ಆಕಿಗೇ ಕೊಡ್ತೀನಿ, ಅಂಜಬ್ಯಾಡ್ರಿ."

ಡಾಕ್ಟರ್ ಬಾಯಿ ಬಯ್ಯಲಿಲ್ಲ. ಮೊದಲು ಅವಳು ಕೇಳಿದ್ದು ರುಖ್ಮಿಣಬಾಯಿಯ ಸಂಗತಿ. ತಲೆ ತಿರುಗುತ್ತದೆಯೇ, ಬಿದ್ದಿದ್ದಾಳೆಯೇ, ಊಟ ಸೇರುತ್ತದೆಯೇ ಎಂದು. ಮರುದಿನವೇ ಕರೆಸಿ ರಕ್ತ, ಬಿ.ಪಿ. ಎಲ್ಲ ನೋಡಿದಳು. ಏನೂ ಆಗಿರಲಿಲ್ಲ. ಆಮೇಲೆ ಕಾಕುವನ್ನು ಕೂರಿಸಿಕೊಂಡು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು.

"ಕಾಕು, ಇನ್ ಮುಂದ ಈ ಗುಳಗಿ ನಿಮಗ ಕೊಡ್ಲಿಕ್ಕ ಬರೂದಿಲ್ಲ."

ಕಾಕುವಿನ ಬಲಗೈ ಎಡಗೈಯನ್ನು ಹಿಡಿದುಕೊಂಡಿತು. "ಯಾಕವ್ವಾ? ನಂದು ಖರೇ ಗುಳಗಿ ಇದ್ರ ಆಕಿಗಿ ಖರೇದ್ರಾಗ ಅರ್ಧಾ. ಸುಳ್ಳಂದು ಇದ್ರ ಸುಳ್ಳಿನಾಗ ಅರ್ಧಾ. ಇದ್ರಾಗ ಮೋಸ ಎಲ್ಲದ?"

"ಮೋಸ ಇಲ್ಲ. ಆದ್ರ ಅರ್ಧಾ ತಗೊಂಡು ಆರಾಮ ಆದ್ರೂ, ಆಗದಿದ್ರೂ ಗುಳಗಿ ಹೆಂಗದ ಅಂತ ನಾ ಹೇಳ್ಲಿಕ್ಕ ಆಗೂದಿಲ್ಲ. ಯಾರಿಗೂ ಆಗೂದಿಲ್ಲ."

"ಅರ್ಧಾ ಮಂದಿಗಿ ಸುಳ್ಳಂದು ಕೊಡೂದು ಮೋಸ ಅಲ್ಲೇನು? ಅವರಿಗೂ ಕೈ ನಡುಗ್ತಾವ. ಪಂಕ್ತಿಯೊಳಗ ಕೂಡಿಸಿ ಎಲಿ ಹಾಕಿ ಬಡಿಸದಂಗ ಹೋಗೂದು, ಅದು ಯಾವ ಶಾಸ್ತ್ರ?"

ಡಾಕ್ಟರ್ ಬಾಯಿ ಕುರ್ಚಿಯನ್ನು ಕಾಕುವಿನ ಹತ್ತಿರಕ್ಕೆ ಎಳೆದುಕೊಂಡಳು. ಹೊರಗೆ ಇನ್ನೂ ಬಹಳ ಜನ ಕಾದಿದ್ದರು. "ಅವರಿಗಿ ಗೊತ್ತಿರ್ತದ ಕಾಕು, ತಮಗ ಔಷಧ ಇಲ್ಲದ್ದು ಬಂದಿರಬಹುದು ಅಂತ. ಗೊತ್ತಿದ್ದೂ ದಿನಾ ನುಂಗ್ತಾರ. ನಿಮ್ಮಂಗೇ ಬಸ್ಸು ಹತ್ತಿ ಬರ್ತಾರ, ರಕ್ತ ಕೊಡ್ತಾರ. ಅವರು ಇದ್ರನೇ ಈ ಗುಳಗಿ ಕೆಲಸ ಮಾಡ್ತದೋ ಇಲ್ಲೋ ತಿಳಿಯೂದು. ತಿಳದ ಮ್ಯಾಲೇ ಊರಿಗೆಲ್ಲಾ ಸಿಗೂದು."

ಕಾಕು ತಲೆ ಬಗ್ಗಿಸಿದಳು. ಅವಳು ಯೋಚನೆ ಮಾಡುವಾಗ ತುಟಿ ಅಲುಗುತ್ತಿದ್ದವು. "ಅಂದ್ರ ಅವರು ಪಂಕ್ತಿಯೊಳಗ ಬಿಟ್ಟ ಮಂದಿ ಅಲ್ಲ."

"ಅಲ್ಲ."

"ಬಡಿಸೂ ಮಂದಿ."

ಡಾಕ್ಟರ್ ಬಾಯಿ ನನ್ನನ್ನು ನೋಡಿದಳು. "ಹೌದು ಕಾಕು. ಬಡಿಸೂ ಮಂದಿ."

"ಬಡಿಸಾಕಿ ಕಡೀಗಿ ಉಣ್ತಾಳ. ಅದು ನನಗ ಗೊತ್ತದ, ಜನ್ಮಾ ಎಲ್ಲಾ ಅದೇ ಮಾಡೀನಿ." ಅವಳ ದನಿಯಲ್ಲಿ ಈಗ ಸಿಟ್ಟಿತ್ತು, ತನ್ನ ಮೇಲೋ ನಮ್ಮ ಮೇಲೋ ತಿಳಿಯಲಿಲ್ಲ. "ಹಿಂಗಂತ ಮೊದಲೇ ಹೇಳಬಾರದೇನು? ಹೋಲಿಕಿ, ಹೋಲಿಕಿ ಅಂತ ಇವ ಒಂದೇ ಸಮ ಹೇಳ್ತಾನ! ಬಡಿಸು ಅಂದಿದ್ರ ನಾ ಅಡಕೊತ್ತ ಮುಟ್ತಿರಲಿಲ್ಲ."

ಎದ್ದು ನಿಂತಳು. ಬಾಗಿಲ ತನಕ ಹೋಗಿ ತಿರುಗಿದಳು. "ತಂಗಿ, ಒಂದು ಕೇಳ್ತೀನಿ. ಕಡೀಗಿ ಕೂತಾಗ ನಮಗ ಏನಾರ ಉಳದಿರ್ತದೇನು?"

ಡಾಕ್ಟರ್ ಬಾಯಿ ಎದ್ದು ಬಂದು ನಡುಗುವ ಆ ಎಡಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು.

ಆ ಬೇಸಿಗೆಗೆ ನಡುಕ ಹೆಚ್ಚಿತು. ಗುಳಿಗೆ ನಿಂತಿದ್ದಕ್ಕೋ, ಬೇನೆ ತನ್ನ ದಾರಿ ಹಿಡಿದಿದ್ದಕ್ಕೋ, ಹೇಳುವವರು ಯಾರು? ಕಾಕು ಮೊದಲಿನಿಂದ ತಗೊಳ್ಳುತ್ತಿದ್ದ ಗುಳಿಗೆಗಳನ್ನೇ ನುಂಗುತ್ತಾ ಇದ್ದಳು. ನಾನು ಹೋದರೆ ಈಗ "ಏನ್ ಕಂಡ್ ಹಿಡದಾರ" ಎಂದು ಕೇಳುತ್ತಿರಲಿಲ್ಲ. ಜೊತೆಗಿದ್ದ ಮಗ, ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಹೊಲಕ್ಕೆ ಹೋಗುವ ಮೊದಲು ಸೊಸೆ ನೀರು ಕಾಯಿಸಿ ಮೈ ತೊಳೆಸಿ ಹೋಗುತ್ತಿದ್ದಳು. ಪೂಜೆಯ ಹೊತ್ತು ಮಾತ್ರ ಮನೆ ಉಸಿರು ಬಿಗಿಹಿಡಿಯುತ್ತಿತ್ತು.

ನಾನು ಅವಳನ್ನು ಕಡೆಯ ಸಲ ಕಂಡದ್ದು ಅಂಥದೇ ಹೊತ್ತಿನಲ್ಲಿ. ಬಾಗಿಲು ತೆರೆದಿತ್ತು. ಕಾಕು ಕೂತಿದ್ದಳು, ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ರುಖ್ಮಿಣಬಾಯಿ. ಕಾಕುವಿನ ಎಡ ಅಂಗೈಯ ಕೆಳಗೆ ರುಖ್ಮಿಣಬಾಯಿ ತನ್ನ ಬಲಗೈ ಇಟ್ಟಿದ್ದಳು. ನಡುಗುವ ಕೈಯ ಕೆಳಗೆ ನಡುಗುವ ಕೈ. ಎರಡು ನಡುಕಗಳು ಒಂದನ್ನೊಂದು ಒತ್ತಿ ಹಿಡಿದು, ಪೂರ್ತಿ ನಿಲ್ಲದಿದ್ದರೂ, ಲಿಂಗ ಜಾರದಷ್ಟು ನಿಂತಿದ್ದವು. ಪತ್ರಿ ಬಿತ್ತು. ರುಖ್ಮಿಣಬಾಯಿ ಎಡಗೈಯಿಂದ ಅದನ್ನೆತ್ತಿ ಕಾಕುವಿನ ಬೆರಳಿಗೆ ಕೊಟ್ಟಳು. ಮತ್ತೆ ಬಿತ್ತು, ಮತ್ತೆ ಕೊಟ್ಟಳು.

ಪೂಜೆ ಮುಗಿದ ಮೇಲೆ ಕಾಕು ನನ್ನನ್ನು ಕಂಡು, "ಭಾಳ ದಣದೀನಪಾ," ಎಂದಳು. ಆಮೇಲೆ ರುಖ್ಮಿಣಬಾಯಿಯ ಕಡೆ ಗದ್ದ ಎತ್ತಿ, "ನನಗಿಂತ ಹೆಚ್ಚ ಇಕಿ ದಣದಾಳ. ಇಬ್ಬರಿಗೂ ಚಹಾ ಮಾಡು, ನಿನ್ನ ಕೈ ನಡುಗೂದಿಲ್ಲ," ಎಂದಳು. ಮಾಡಿಕೊಟ್ಟೆ. ಅರ್ಧರ್ಧ ಕಪ್ಪು ತುಂಬಿದ್ದೆ, ಚೆಲ್ಲಬಾರದೆಂದು.

ಚಳಿಗಾಲದಲ್ಲಿ ಕಾಕು ಜ್ವರ ಬಂದು ಹೋದಳು. ನಾನು ಮುಟ್ಟುವಷ್ಟರಲ್ಲಿ ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಇಳಕಲ್ಲ ಸೀರೆ ಉಡಿಸಿ ಕೂರಿಸಿದ್ದರು. ಸ್ವಾಮಿಗಳು ಅವಳ ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಮಗ್ಗುಲಲ್ಲಿ ಕೂತಿದ್ದ ರುಖ್ಮಿಣಬಾಯಿಯ ಕೈ ರೂಢಿಯಂತೆ ಮುಂದೆ ಹೋಗಿ ಆ ಅಂಗೈಯ ಕೆಳಗೆ ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಬಂತು.

ಮೊನ್ನೆ ಡಾಕ್ಟರ್ ಬಾಯಿ ಫೋನು ಮಾಡಿದ್ದಳು. ಕಾಕು ಹೋದ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಹೇಳಿದಾಗ, ಕಡೆಯ ದಿನಗಳಲ್ಲಿ ಕೈ ಹೇಗಿತ್ತು ಎಂದು ಕೇಳಿದಳು. ಕರೆದ ಕಾರಣ ಬೇರೆ. ಇನ್ನೊಂದು ಗುಳಿಗೆಯ ಪರೀಕ್ಷೆ ಶುರುವಾಗುತ್ತಿದೆ, ಈ ಸಲ ವಯಸ್ಸಿನ ಮಿತಿ ಇಲ್ಲ, ರುಖ್ಮಿಣಬಾಯಿ ಬರುವಂತಿದ್ದರೆ ಕೇಳಿ ನೋಡಿ ಎಂದಳು.

ಭಾನುವಾರ ಸಾಸ್ತೂರಕ್ಕೆ ಹೋದೆ. ರುಖ್ಮಿಣಬಾಯಿ ಬಿಸಿಲಿಗೆ ತನ್ನ ಗೋಡೆಗೆ ಒರಗಿ ಕೂತಿದ್ದಳು. ಬೆನ್ನ ಹಿಂದೆ ಕಾಕು ಸಾರಿಸಿದ ಕಮಾನುಗಳು, ಐದೈದು ಬೆರಳಿನ ಗೆರೆ ಹಾಗೇ ಇದ್ದವು. ಎಲ್ಲ ಬಿಡಿಸಿ ಹೇಳಿದೆ. ದಿನಕ್ಕೊಂದು ಗುಳಿಗೆ, ಔಷಧ ಇರಬಹುದು, ಇಲ್ಲದೆ ಇರಬಹುದು, ಪೂರ್ತಿ ನುಂಗಬೇಕು, ಬಸ್ಸಿನಲ್ಲಿ ನಾನೇ ಕರೆದೊಯ್ಯುತ್ತೇನೆ ಎಂದು. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ನಡುಗುವ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದುರಿನ ಬಾಗಿಲ ಕಡೆ ನೋಡಿದಳು. ಇಷ್ಟು ವರ್ಷ ನನಗೆ ಮರಾಠಿಯಲ್ಲೇ ಉತ್ತರ ಕೊಟ್ಟವಳು, ಕಾಕುವಿನ ಮಾತಿನಲ್ಲಿ ಕೇಳಿದಳು:

"ಬರ್ತೀನಿ. ಅರ್ಧಾ ಯಾರಿಗಿ ಕೊಡ್ಲಿ?"